ಎಪ್ಪತ್ನಾಲ್ಕನೆಯ ಪುಟ

ತಿಪಟೂರು
೧೬ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಮೀನಾ,

ಹೇಗಿದ್ದೀಯ ಎಂದು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳುತ್ತಿದ್ದೇನೆ. ನಾವಿಲ್ಲಿ ಇದ್ದೇವೆ. ನಮ್ಮ ಯಜಮಾನರಿಗೆ ಮಂಡಿ ನೋವು ಜಾಸ್ತಿಯಾಗಿದೆ, ಆದರೂ ದಿನಾ ಸ್ಕೂಟರ್ ಹತ್ತಿ ಹೊನ್ನವಳ್ಳಿ ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಆಷಾಢದ ಗಾಳಿ ಜೋರಾಗಿದೆ. ನಮ್ಮ ಹಿತ್ತಲಿನ ತೆಂಗಿನ ಮರದಿಂದ ನಿನ್ನೆ ಒಂದು ಗರಿ ನೀರಿನ ತೊಟ್ಟಿಯ ಮೇಲೆ ಬಿದ್ದು ಮುಚ್ಚಳ ಒಡೆಯಿತು.

ಮೂರು ತಿಂಗಳಿಂದ ಈ ಕಾಗದ ಬರೆಯಬೇಕೆಂದು ಕೂರುತ್ತಿದ್ದೇನೆ. ನಾಲ್ಕು ಸಲ ಶುರು ಮಾಡಿದೆ. ಮೊದಲನೆಯದು ತೀರಾ ಚೆನ್ನಾಗಿ ಬಂದುಬಿಟ್ಟಿತ್ತು, ಅದಕ್ಕೇ ಹರಿದು ಹಾಕಿದೆ. ಚೆನ್ನಾಗಿ ಬರೆಯುವ ಚಟವೇ ನಮ್ಮಿಬ್ಬರನ್ನು ಈ ಗತಿಗೆ ತಂದಿರುವುದು. ತಡವಾದದ್ದಕ್ಕೆ ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ನೀನು ಓದಿದ್ದು ಗೊತ್ತಾಗುತ್ತದೆ, ಉತ್ತರ ಬರುವುದಿಲ್ಲ. ಒಂದು ಸಲ ಪರಮೇಶ್ ಎತ್ತಿದರು. "ಅವ್ಳು ಮಲ್ಗವ್ಳೆ ಕಣಕ್ಕ" ಎಂದರು. ಬೆಳಗ್ಗೆ ಹತ್ತು ಗಂಟೆಗೆ ನೀನು ಮಲಗುವವಳಲ್ಲ. ನಿನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ.

ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಬಂದ ನನ್ನ ಮೂರನೆಯ ಬರವಣಿಗೆ ಕೈಪಿಡಿಯ ಪ್ರತಿಗಳೆಲ್ಲ ಮುಗಿದಿವೆ. ಈ ತಿಂಗಳ ಕೊನೆಗೆ ಮತ್ತೆ ಅಚ್ಚಿಗೆ ಹೋಗುತ್ತದೆ. ಎಪ್ಪತ್ನಾಲ್ಕನೆಯ ಪುಟವನ್ನು ಏನು ಮಾಡಲಿ ಎಂದು ನಿನ್ನನ್ನು ಕೇಳಬೇಕು. ತೆಗೆ ಎಂದರೆ ತೆಗೆಯುತ್ತೇನೆ. ಆದರೆ ನಿಜವಾಗಿ ಕೇಳಬೇಕಾಗಿರುವುದು ಪುಟದ ವಿಚಾರವಲ್ಲ. ನೀನು ಇನ್ನು ನನ್ನ ಜೊತೆ ಮಾತಾಡುತ್ತೀಯೋ ಇಲ್ಲವೋ, ಅದು.

ಐದು ಕಾದಂಬರಿ ಬರೆದೆ, ಮೂರು ಕೈಪಿಡಿ ಬರೆದೆ. ಕೈಪಿಡಿ ಶುರುವಾದದ್ದು ಆಕಸ್ಮಿಕವಾಗಿ. ಇಲ್ಲಿಯ ಕಾಲೇಜಿನಲ್ಲಿ ಎರಡು ದಿನ ಕಥಾ ಕಮ್ಮಟ ಮಾಡಿಸಿದ್ದೆ, ಅದರ ಟಿಪ್ಪಣಿಗಳನ್ನು ನೋಡಿದ ಪ್ರಕಾಶಕರು ಪುಸ್ತಕ ಮಾಡಿ ಎಂದರು. ಅದೊಂದೇ ನನ್ನ ಕಾದಂಬರಿಗಳನ್ನೆಲ್ಲ ಮೀರಿ ಓಡಿತು. ಅಂದಿನಿಂದ ನನ್ನ ದಿನ ಎರಡು ಹೋಳಾಯಿತು. ಬೆಳಗ್ಗೆ ಊಟದ ಮೇಜಿನ ಕಿಟಕಿ ಕಡೆ ಕೂತು ಕಾದಂಬರಿ ಬರೆಯುತ್ತೇನೆ. ಮಧ್ಯಾಹ್ನ ಅದೇ ಮೇಜಿನ ಗೋಡೆ ಕಡೆ ಕೂತು ಕಾದಂಬರಿ ಬರೆಯುವುದು ಹೇಗೆಂದು ಬರೆಯುತ್ತೇನೆ. "ಬೆಳಗ್ಗೆ ಅನ್ನ ಸೀಯಿಸ್ತೀಯ, ಮಧ್ಯಾಹ್ನ ಅಡಿಗೆ ಪಾಠ ಹೇಳ್ತೀಯ" ಎಂದು ಇವರು ರೇಗಿಸುತ್ತಾರೆ. ನಗು ಬರುತ್ತಿತ್ತು ಮೊದಲೆಲ್ಲ.

ಹೋದ ವರ್ಷ ಬಸ್ಸಿನಲ್ಲಿ ಒಬ್ಬಾಕೆ ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತಳು. "ಮೇಡಂ, ನಿಮ್ ಪುಸ್ತಕ ಓದ್ಕಂಡೇ ಕಾದಂಬರಿ ಬರೀತಾ ಇದೀನಿ" ಎಂದಳು. ನನ್ನ ಕಾದಂಬರಿ ಯಾವುದಾದರೂ ಓದಿದ್ದೀರಾ ಎಂದೆ. "ಅಯ್ಯೋ, ನೀವು ಕಾದಂಬರಿನೂ ಬರೀತೀರಾ?" ಎಂದಳು. ಆ ದಿನ ಹೊನ್ನವಳ್ಳಿ ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ನನ್ನ ಮೊದಲ ಕೈಪಿಡಿಯಲ್ಲಿ ಒಂದು ನಿಯಮ ಇದೆ, ಎಲ್ಲರೂ ಅದನ್ನೇ ಎತ್ತಿ ಹೇಳುತ್ತಾರೆ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು, ಅಲ್ಲಾಡಿಸಿದರೆ ಸದ್ದು ಬರಬೇಕು. ಆಮೇಲೆ ಸುಲಿಯುವುದು. ಬರೆದದ್ದನ್ನೂ ಹಾಗೇ ಹನ್ನೊಂದು ತಿಂಗಳು ಅಟ್ಟಕ್ಕೆ ಹಾಕಿ ಎಂದು ಬರೆದಿದ್ದೆ. ನನ್ನ ಕಾದಂಬರಿಗಳನ್ನು ಹಾಗೇ ಹಾಕಿದ್ದೇನೆ ಕೂಡ. ಆದರೆ ಕೈಪಿಡಿಗಳನ್ನು ಯಾವತ್ತೂ ಹಾಕಲಿಲ್ಲ. ಪಾಠದ ಪುಸ್ತಕಕ್ಕೆ ಅದೆಲ್ಲ ಯಾಕೆ ಅಂದುಕೊಂಡೆ. ಈ ಮೂರನೆಯದನ್ನು ಆರು ವಾರದಲ್ಲಿ ಬರೆದು ಹಸಿಯಾಗಿಯೇ ಕೊಟ್ಟೆ. ಹನ್ನೊಂದು ತಿಂಗಳು ಇಟ್ಟಿದ್ದರೆ ಆ ಪುಟದ ತಪ್ಪು ನನ್ನ ಕಣ್ಣಿಗೇ ಬೀಳುತ್ತಿತ್ತು.

ನನ್ನ 'ಅರಳೆ' ಕಾದಂಬರಿ ಬಂದಾಗ ನೀನು ಫೋನ್ ಮಾಡಿ ಅತ್ತದ್ದು ನೆನಪಿದೆ. "ಎಷ್ಟು ಚೆನ್ನಾಗಿ ಮುಚ್ಚಿದ್ದೀಯ ಕಣೇ, ನಂಗೇ ಗೊತ್ತಾಗ್ಲಿಲ್ಲ" ಎಂದಿದ್ದೆ. ದಾವಣಗೆರೆ ಕಡೆಯ ಅರಳೆ ಗೋದಾಮು, ಬೆಂಕಿ ಹಚ್ಚಿದ ಹುಡುಗ, ತಪ್ಪು ಹೊತ್ತ ಹಮಾಲಿ. ಹನ್ನೆರಡು ವರ್ಷ ಒಬ್ಬರೂ ಕಂಡುಹಿಡಿಯಲಿಲ್ಲ. ನಿನ್ನ ಗುಟ್ಟು ಆ ಕಾದಂಬರಿಯೊಳಗೆ ಭದ್ರವಾಗಿತ್ತು. ಅದನ್ನು ಹೊರಗೆಳೆದದ್ದು ಕೈಪಿಡಿ. 'ನಿಜವಾದ ಮನುಷ್ಯರನ್ನು ಮರೆಮಾಡುವುದು ಹೇಗೆ' ಎನ್ನುವ ಅಧ್ಯಾಯಕ್ಕೆ ಉದಾಹರಣೆ ಬೇಕಿತ್ತು. ಎಪ್ಪತ್ನಾಲ್ಕನೆಯ ಪುಟದಲ್ಲಿ ಎರಡು ಅಂಕಣ ಮಾಡಿದೆ, ಎಡಗಡೆ 'ನಡೆದದ್ದು', ಬಲಗಡೆ 'ಬರೆದದ್ದು'. ಎಷ್ಟು ದೂರ ಒಯ್ದಿದ್ದೇನೆ ನೋಡಿ ಎಂದು ತೋರಿಸುವ ಹುರುಪಿನಲ್ಲಿ, ಎಲ್ಲಿಂದ ಒಯ್ದೆ ಎನ್ನುವುದನ್ನು ಹೇಳಿಬಿಟ್ಟೆ.

ಎಡಗಡೆ ಏನಿದೆಯೋ ನಿನಗೆ ಬಾಯಿಪಾಠ ಆಗಿರಬಹುದು. ತಿಪಟೂರು ತಾಲ್ಲೂಕಿನ ಒಂದು ಹಳ್ಳಿ, ೧೯೮೨. ಮನೆಯವರು ಮದುವೆಗೆ ಹೋದ ಮಧ್ಯಾಹ್ನ, ಕಾದಂಬರಿ ಓದಿದರೆ ಹುಡುಗಿಯರು ಕೆಡುತ್ತಾರೆ ಎನ್ನುವ ಅಪ್ಪನಿಗೆ ಯಾರಾದರೂ ಹೇಳಿಯಾರೆಂದು ಹೆದರಿ, ಆ ಮನೆಯ ಹದಿನೈದರ ಹುಡುಗಿ ಚಿಮಣಿ ದೀಪ ಹಿಡಿದು ಕತ್ತಲೆಯ ಕಾಯಿ ಅಟ್ಟ ಹತ್ತಿ ಓದುತ್ತಾಳೆ. ಸಿಪ್ಪೆಗೆ ಬೆಂಕಿ ಹತ್ತುತ್ತದೆ. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಆಳು ಓಡಿ ಬಂದು ಕೆಳಗಿನ ಕೊಟ್ಟಿಗೆಯಿಂದ ಕರುವನ್ನು ಎಳೆದು ಉಳಿಸುತ್ತಾನೆ. ಅವನ ಬಲಗೈಯ ಮೂರು ಬೆರಳು ಬೆಂದು ಅಂಟಿಕೊಳ್ಳುತ್ತವೆ. ಕೊನೆಗೆ ಅವನು ಸೇದಿ ಬಿಸಾಡಿದ ಬೀಡಿಯಿಂದಲೇ ಅಟ್ಟ ಸುಟ್ಟಿತೆಂದು ಊರು ತೀರ್ಮಾನಿಸುತ್ತದೆ. ಹುಡುಗಿ ಬಾಯಿ ಬಿಡುವುದಿಲ್ಲ.

ನಿನ್ನ ಹೆಸರು ಹಾಕಿರಲಿಲ್ಲ, ನಿಮ್ಮ ತಂದೆ ಶಂಭುಲಿಂಗಯ್ಯನವರ ಹೆಸರೂ ಹಾಕಿರಲಿಲ್ಲ. ಆದರೆ ಆ ಮೂರು ಬೆರಳನ್ನು ಬಿಡಲು ಮನಸ್ಸಾಗಲಿಲ್ಲ.

ಯುಗಾದಿ ಕಳೆದ ವಾರ ಒಬ್ಬರು ಮನೆಗೆ ಬಂದರು. ಕೈಯಲ್ಲಿ ನನ್ನ ಕೈಪಿಡಿ, ಉದ್ದಕ್ಕೂ ಪೆನ್ಸಿಲ್ ಗೀಟು. ನಿಮ್ಮ ಹುಳಿಯಾರಿನಲ್ಲೇ ಕನ್ನಡ ಮೇಷ್ಟ್ರು, ಹೆಸರು ಈರಣ್ಣ ಎಂದರು. ನಾಲ್ಕು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದಾರಂತೆ. ಕಾಫಿ ಕೊಟ್ಟೆ. ಅಧ್ಯಾಯ ಒಡೆಯುವುದು ಹೇಗೆ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಪುಟ ಬಿಡಿಸಿ ನನ್ನ ಮುಂದೆ ಇಟ್ಟು, "ಇದು ಹೊನ್ನವಳ್ಳಿದಲ್ವಾ ಮೇಡಂ?" ಎಂದರು. "ಈ ಮೂರು ಬೆರಳಿನ ಕೈಯಿಂದ್ಲೇ ನಾನು ಅನ್ನ ತಿಂದಿದ್ದು ಕಣ್ರೀ. ಸಣ್ಣತಿಮ್ಮಯ್ಯ ಅಂತ, ನಮ್ಮಪ್ಪ" ಎಂದರು.

ಮೀನಾ, ಸಣ್ಣತಿಮ್ಮಯ್ಯನ ಕುಟುಂಬ ಎಲ್ಲಿ ಹೋಯಿತೆಂದು ನಾವು ಯಾವತ್ತಾದರೂ ವಿಚಾರಿಸಿದೆವಾ? ಹೊನ್ನವಳ್ಳಿಯಲ್ಲಿ ಅವನನ್ನು ಯಾರೂ ಅಟ್ಟದ ಹತ್ತಿರ ಸೇರಿಸಲಿಲ್ಲ. ಹುಳಿಯಾರಿಗೆ ಹೋಗಿ, ಅರ್ಧ ಕೈಯಲ್ಲಿ ಕಾಯಿ ಸುಲಿದು ಮಗನನ್ನು ಓದಿಸಿದ. ಹದಿನಾಲ್ಕು ವರ್ಷದಿಂದ ಆ ಮಗ ನಿನ್ನ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತಂತೆ.

ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ನಮ್ಮಪ್ಪ ಸುಳ್ಳು ಆಪಾದನೆ ಅಂತ ಯಾವತ್ತೂ ಅನ್ನಲಿಲ್ಲ ಮೇಡಂ. ನಾನೇ ಎಲ್ಲೋ ಬೀಡಿ ತುಂಡು ಎಸೆದಿರ್ಬೇಕು ಕಣ್ಲಾ, ನೆನಪಾಗ್ತಿಲ್ಲ ಅಂತಿತ್ತು. ಅವತ್ತಿಂದ ಬೀಡಿ ಮುಟ್ಲಿಲ್ಲ. ಸಾಯೋ ಹಿಂದಿನ ವಾರನೂ ಅದನ್ನೇ ಹೇಳ್ತು, ಶಂಭುಲಿಂಗಯ್ನೋರ ಅಟ್ಟ ಸುಟ್ಟುಬಿಟ್ಟೆ ಅಂತ" ಎಂದರು. ಅವನು ಅದನ್ನು ನಂಬಿಕೊಂಡೇ ಸತ್ತ, ಮೀನಾ. ಊರು ನಂಬಿದ್ದು ನಮಗೆ ಗೊತ್ತಿತ್ತು. ಅವನೂ ನಂಬಿದ್ದ ಎನ್ನುವುದು ನನಗೆ ಗೊತ್ತಿರಲಿಲ್ಲ.

ಅವರು ಹೊರಡುವಾಗ "ಶಂಭುಲಿಂಗಯ್ನೋರ ಮಗಳು ನಮ್ಮೂರಲ್ಲೇ ಅವ್ರೆ. ಹೋಗಿ ಕೇಳ್ತೀನಿ" ಎಂದರು. ತಡೆಯಲು ನನಗೆ ಯಾವ ಬಾಯಿ ಇತ್ತು? ಆ ಸಂಜೆ ನಿನಗೆ ಫೋನ್ ಮಾಡುವಷ್ಟರಲ್ಲಿ ಅವರು ನಿನ್ನ ಮನೆಗೆ ಬಂದು ಹೋಗಿಯೂ ಆಗಿತ್ತು. ನಿನ್ನ ಗುಟ್ಟು ನಲವತ್ತೆರಡು ವರ್ಷ ಕಾಪಾಡಿದವಳು, ಒಂದು ಪಾಠಕ್ಕಾಗಿ ಕೊಟ್ಟುಬಿಟ್ಟೆ.

ಅಂದಿನಿಂದ ಕಿಟಕಿ ಕಡೆಯೂ ಕೂರುತ್ತಿಲ್ಲ, ಗೋಡೆ ಕಡೆಯೂ ಕೂರುತ್ತಿಲ್ಲ. ಪ್ರಕಾಶಕರು ಇನ್ನೊಂದು ಕೈಪಿಡಿ ಕೇಳಿದ್ದಾರೆ, ಆತ್ಮಕಥೆ ಬರೆಯುವವರಿಗಾಗಿ. ಈ ಕಾಲದಲ್ಲಿ ಎಲ್ಲರಿಗೂ ತಮ್ಮ ಕಥೆ ಹೇಳಬೇಕಂತೆ. ಆಗುವುದಿಲ್ಲ ಎಂದೆ. ಆರೋಗ್ಯ ಸರಿಯಿಲ್ಲವಾ ಎಂದು ಕೇಳಿದರು, ಹೂಂ ಎಂದೆ.

ನೀನು ಏನಾದರೂ ಅಂದುಬಿಡು. ಬೈಯಿ. ಚಿಕ್ಕಂದಿನಿಂದ ನಾನು ಏನು ಮಾಡಿದರೂ "ಬುಡು ಮಂಗಳಾ, ಆಗಿದ್ದಾಯ್ತು" ಎನ್ನುವವಳು ನೀನು. ನಿನ್ನ ಸ್ಲೇಟು ಒಡೆದಾಗಲೂ ಹಾಗೆ ಅಂದೆ, ನಿನ್ನ ಹೊಸ ಸೀರೆಗೆ ಶಾಯಿ ಚೆಲ್ಲಿದಾಗಲೂ ಅಂದೆ. ಈ ಸಲ ಅದನ್ನೂ ಅನ್ನದೆ ಸುಮ್ಮನಿದ್ದೀಯ. ಅದಕ್ಕೆ ಹೆದರಿಕೆಯಾಗುತ್ತಿದೆ.

ಈರಣ್ಣ ಮೊನ್ನೆ ಭಾನುವಾರ ಮತ್ತೆ ಬಂದಿದ್ದರು. ಅದನ್ನು ಬರೆಯಲು ಈಗ ಕೈ ಬರುತ್ತಿಲ್ಲ.

ಇಂಪನಾಗೆ ಒಂಬತ್ತು ತಿಂಗಳು ನಡೆಯುತ್ತಿದೆ ಎಂದು ನಿಮ್ಮೂರಿನ ಕಡೆಯವರಿಂದ ಕೇಳಿದೆ. ನೀನೇ ಹೇಳಬೇಕಾಗಿದ್ದ ಸುದ್ದಿ ಇನ್ನೊಬ್ಬರಿಂದ ಬಂತು. ನಿನ್ನ ಮಗಳು ಸುಖವಾಗಿ ಹೆರಲಿ, ತಾಯಿ ಮಗು ಇಬ್ಬರೂ ತಣ್ಣಗಿರಲಿ. ನಮ್ಮ ತೋಟದ ಎಳನೀರು ಕಳಿಸುತ್ತೇನೆ, ನನ್ನ ಮೇಲಿನ ಕೋಪಕ್ಕೆ ಅವಳಿಗೆ ಕೊಡದೆ ಇರಬೇಡ. ಪರಮೇಶ್ ಅವರಿಗೆ ನಮಸ್ಕಾರ. ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ.

ಇಂತಿ ನಿನ್ನ
ಮಂಗಳಾ

ತಾ.ಕ.: ನಿನ್ನೆಯೇ ಕಾಗದ ಮಡಿಚಿ ಲಕೋಟೆಗೆ ಹಾಕಿದ್ದೆ. ರಾತ್ರಿ ಮತ್ತೆ ತೆಗೆದು ಓದಿದೆ. 'ನಿನ್ನ ಗುಟ್ಟು' ಎಂದು ಎರಡು ಕಡೆ ಬರೆದಿದ್ದೇನೆ. ನಿನಗೆ ಬರೆಯುವ ಕಾಗದದಲ್ಲೂ ಅದೇ ಕೆಲಸ ಮಾಡಿದೆನಲ್ಲ.

ಭಾನುವಾರ ಈರಣ್ಣ ನಿನ್ನ ಮನೆಯಲ್ಲಿ ನಡೆದದ್ದನ್ನು ಹೇಳಿದರು. ನೀನು ಕೂರಿಸಿ ಊಟ ಬಡಿಸಿದೆಯಂತೆ. ಅವರು ಕೇಳುವ ಮೊದಲೇ "ಹೂಂ ಕಣಪ್ಪ, ನಾನೇ. ನಿಮ್ಮಪ್ಪಂದು ಏನೂ ತಪ್ಪಿಲ್ಲ" ಎಂದು, ವಯಸ್ಸಿನಲ್ಲಿ ಕಿರಿಯರಾದ ಅವರಿಗೆ ಕೈ ಮುಗಿದೆಯಂತೆ. ಒಬ್ಬರೇ ಇದ್ದಿರಾ ಅಟ್ಟದಲ್ಲಿ ಎಂದು ಅವರು ಕೇಳಿದ್ದಕ್ಕೆ, "ಒಬ್ಳೇ. ಇನ್ಯಾರೂ ಇರ್ಲಿಲ್ಲ" ಎಂದೆಯಂತೆ.

ಇಷ್ಟು ಹೇಳಿ ಅವರು ನನ್ನ ಮುಖ ನೋಡಿ, "ಮತ್ತೆ ಇದೆಲ್ಲ ನಿಮಗೆ ಹೆಂಗೆ ಗೊತ್ತಾಯ್ತು ಮೇಡಂ?" ಎಂದರು. "ಮೀನಾ ಹೇಳಿದ್ಲು" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಐವತ್ತೇಳು ವರ್ಷದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು.

ಎಪ್ಪತ್ನಾಲ್ಕನೆಯ ಪುಟದ ಎಡಗಡೆ ಇರುವುದೂ ನಡೆದದ್ದಲ್ಲ. ಪುಸ್ತಕ ತಂದವಳು ನಾನು. ಅಟ್ಟಕ್ಕೆ ಹೋಗೋಣ ಎಂದವಳು ನಾನು. ನೀನು ಬೇಡ ಎಂದೆ, ಆಮೇಲೆ ಹಿಂದೆಯೇ ಹತ್ತಿದೆ. ನಾನು ಗಟ್ಟಿಯಾಗಿ ಓದುತ್ತಿದ್ದೆ, ನೀನು ಕೇಳುತ್ತಿದ್ದೆ. ದೀಪ ನನ್ನ ಕೈಯಲ್ಲಿತ್ತು. ಪುಟ ತಿರುಗಿಸಲು ಅದನ್ನು ಸಿಪ್ಪೆಯ ಮೇಲೆ ಇಟ್ಟವಳು ನಾನು. ಕಾದಂಬರಿಯಲ್ಲಿ ನಿನ್ನನ್ನು ಹುಡುಗನನ್ನಾಗಿ ಮಾಡಿದೆ, ಕೈಪಿಡಿಯಲ್ಲಿ ನಿನ್ನನ್ನು ನೀನಾಗಿಯೇ ಇಟ್ಟೆ, ಎರಡರಿಂದಲೂ ನನ್ನನ್ನು ತೆಗೆದುಬಿಟ್ಟೆ. ಮರೆಮಾಡುವುದು ಹೇಗೆಂದು ಊರಿಗೆಲ್ಲ ಹೇಳಿಕೊಟ್ಟವಳು ಚೆನ್ನಾಗಿ ಮರೆಮಾಡಿದ್ದು ತನ್ನೊಬ್ಬಳನ್ನೇ. ನಿನಗೆ ಇದು ಹನ್ನೆರಡು ವರ್ಷದಿಂದ ಗೊತ್ತು, ಆದರೂ ಫೋನ್ ಮಾಡಿ 'ಚೆನ್ನಾಗಿ ಮುಚ್ಚಿದ್ದೀಯ' ಎಂದೆ.

ಪುಟದ ವಿಷಯ ನಿನ್ನನ್ನು ಇನ್ನು ಕೇಳುವುದಿಲ್ಲ. ಇಬ್ಬರು ಹುಡುಗಿಯರು ಎಂದು ತಿದ್ದಿ, ದೀಪ ಹಿಡಿದವಳ ಹೆಸರು ಹಾಕಿ ಪ್ರಕಾಶಕರಿಗೆ ಕಳಿಸಿದ್ದೇನೆ. ಈರಣ್ಣನವರಿಗೂ ಇದನ್ನೇ ಬೇರೆ ಕಾಗದದಲ್ಲಿ ಬರೆದು ಇವತ್ತು ಬೆಳಗ್ಗೆಯೇ ಅಂಚೆ ಪೆಟ್ಟಿಗೆಗೆ ಹಾಕಿ ಬಂದೆ. ನಿನ್ನ ಕಾಗದ ಈಗ ಹಾಕುತ್ತೇನೆ. ನಿನಗೆ ಮೊದಲು ಹಾಕಿದ್ದರೆ ನೀನು "ಬುಡು ಮಂಗಳಾ" ಎಂದು ಬರೆಯುತ್ತಿದ್ದೆ, ನಾನು ಬಿಟ್ಟುಬಿಡುತ್ತಿದ್ದೆ.