ಹೊರಗಿನಿಂದ ನೋಡಿದರೆ ಒಂದೇ

ಅಕ್ಟೋಬರ್ 4, ಶನಿವಾರ. ಡೇಗು, ದಕ್ಷಿಣ ಕೊರಿಯಾ.

ನನ್ನ ವಿದ್ಯಾರ್ಥಿನಿ ಸೊಯುಲ್ ಕೇಳಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಇವತ್ತು ಇಂಗ್ಲಿಷ್ ಟ್ಯೂಷನ್ನಿನಲ್ಲಿ 'ಕ್ವಾಯಟ್', 'ಸೈಲೆಂಟ್' ಎರಡರ ವ್ಯತ್ಯಾಸ ಹೇಳಿಕೊಟ್ಟೆ. ಮೊದಲನೆಯದು ಮಾತು ಕಡಿಮೆ ಇರುವ ಸ್ವಭಾವ. ಎರಡನೆಯದು ಬಾಯಿಗೆ ಬಂದ ಮಾತನ್ನೂ ಆಡದೆ ಇರುವುದು.

"ಟೀಚರ್, ಹೊರಗಿನಿಂದ ನೋಡೋರಿಗೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ಪರೀಕ್ಷೆಗೆ ಅದೆಲ್ಲ ಬರುವುದಿಲ್ಲ ಎಂದುಬಿಟ್ಟೆ.

ಸಂಜೆ ಅತ್ತೆಯ ಮನೆಯಲ್ಲಿ ಚುಸೊಕ್ ಹಬ್ಬದ ಕಡುಬು ಮಾಡುತ್ತಾ ಕೂತಿದ್ದೆವು. ಹಿಟ್ಟು ನಾದುತ್ತಲೇ ಅತ್ತೆ ನನ್ನ ನಾದಿನಿಗೆ ಹೇಳಿದರು: "ಬರೋ ತಿಂಗಳಿಂದ ಇವಳು ಕೆಲಸ ಬಿಡ್ತಾಳೆ. ಹಾಸಿಗೆ ಹಿಡಿದಿರೋ ನಿಮ್ಮಪ್ಪನ್ನ ನೋಡ್ಕೊಳ್ಳೋಕೆ ಜನ ಬೇಕಲ್ಲ."

ನನಗೂ ಗೊತ್ತಾಗಿದ್ದು ಆಗಲೇ. ನನ್ನ ಗಂಡ ಕಡುಬಿನಡಿಗೆ ಹಾಸುವ ಪೈನ್ ಎಲೆ ತೊಳೆಯುತ್ತಿದ್ದ; ತೊಳೆದದ್ದನ್ನೇ ಮತ್ತೆ ತೊಳೆದ.

"ಅತ್ತಿಗೇನ ಒಂದು ಮಾತು ಕೇಳಿದ್ಯಾ ಅಮ್ಮ?"

"ಕೇಳೋದೇನು? ಬೇಡ ಅನ್ನೋದಾದ್ರೆ ಬಾಯಿ ಬಿಡ್ತಿರಲಿಲ್ವಾ? ನನ್ನ ಸೊಸೆ ಮೊದಲಿಂದ್ಲೂ ಶಾಂತ ಸ್ವಭಾವ."

ಕೈಯಲ್ಲಿದ್ದ ಕಡುಬಿನ ಬಾಯಿ ಒತ್ತಿ ಮುಚ್ಚಿದೆ.

"ನೋಡು, ಎಷ್ಟು ಚೆನ್ನಾಗಿ ಮುಚ್ಚಿದ್ದಾಳೆ. ಬೇಯುವಾಗ ಒಡೆಯೋದೇ ಇಲ್ಲ."

ಗೊತ್ತಾಗುವುದಿಲ್ಲ ಸೊಯುಲ್. ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಹಬ್ಬ ಮುಗಿದ ಮೇಲೆ ನಿನಗೆ ಹೇಳಬೇಕು, ಆ ತರಗತಿಗೆ ನಾನಿನ್ನೂ ಬರುತ್ತಿದ್ದರೆ—

ಗಂಡ ಕೋಣೆಯಿಂದ ಕೇಳುತ್ತಿದ್ದಾನೆ, "ನಿದ್ದೆ ಬಂತಾ?"

ಎಚ್ಚರವಾಗಿದ್ದೇನೆ ಎಂದು ಇಲ್ಲಿ ಬರೆದೆ. ಅವನಿಗೆ ಹೇಳಲಿಲ್ಲ.