ಗೇಟು ಹಾಕಬೇಡ್ರಿ

ರೀ,

ರೊಟ್ಟಿ, ಜುಣಕಾ ಅಡುಗೆಮನೆ ಕಟ್ಟೆಯ ಮೇಲಿವೆ. ಪಕ್ಕದಲ್ಲೇ ನೀವು ಬಿಚ್ಚಿ ಚಾರ್ಜಿಗೆ ಹಚ್ಚಿಹೋದ ಕಾರಿನ ಬ್ಯಾಟರಿ ಇದೆ. ಅದು ಅಲ್ಲಿಂದ ಕದಲಿಲ್ಲ, ಮೊದಲು ಅದನ್ನು ನೋಡ್ರಿ.

ನೀವೇ ಕಟ್ಟಿದ ಎರಡು ಸೀಟಿನ ಆ ಗಿಡ್ಡ ಕಾರಿಗೆ ಇಷ್ಟು ದೊಡ್ಡ ಇಂಜಿನ್ ಯಾಕೆ ಅಂದರೆ ನೀವು ಕೇಳಲಿಲ್ಲ. ಅಪಘಾತದಲ್ಲಿ ನುಜ್ಜಾದ ಗಾಡಿಯದನ್ನೇ ಸಂಭಾಜಿನಗರದ ಗುಜರಿಯಿಂದ ತಂದು ಕೂಡಿಸಿದಿರಿ. ಆ ಗಾಡಿ ಓಡಿಸುತ್ತಿದ್ದ ಹುಡುಗ ಊರಿಗೆ ಹೊರಟವನು ಮನೆ ಮುಟ್ಟಲಿಲ್ಲವಂತೆ. ನಾನು ಹಿಂಜರಿದರೆ, "ಗುಜರಿ ಮಾಲಿಗೇನು ನೆನಪಿರತದ? ಸುಮ್ನಿರು" ಅಂದಿರಿ.

ನೀವು ಬ್ಯಾಂಕಿಗೆ ಹೋದ ಮೇಲೆ ಪೂಜೆ ಮಾಡಿ, ಸಂಜೆ ಮೊದಲ ಸಲ ಚಾಲೂ ಮಾಡುವಾಗ ಒಡೆಯಲೆಂದು ನಾಲ್ಕೂ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟೆ. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನಾಲ್ಕೂ ಅಪ್ಪಚ್ಚಿಯಾಗಿದ್ದವು. ಗೋಡೆಗೆ ಮುಖ ಮಾಡಿದ್ದ ಕಾರು ಗೇಟಿನ ಕಡೆ ತಿರುಗಿ ನಿಂತಿತ್ತು. ಬಾನೆಟ್ ಮುಟ್ಟಿ ನೋಡಿದೆ, ಜ್ವರದಲ್ಲಿ ನಮ್ಮ ಓಂಕಾರನ ಹಣೆ ಸುಡುವಂತೆ ಸುಡುತ್ತಿತ್ತು. ಒಳಗೆ ಸೀಟು ಹಿಂದಕ್ಕೆ ಸರಿದಿದೆ, ನಿಮಗಿಂತ ಉದ್ದ ಕಾಲಿನವರು ಕೂತು ಎದ್ದಂತೆ. ಕೀ ನಿಮ್ಮ ಕಿಸೆಯಲ್ಲೇ ಇರಬೇಕು.

ಓಂಕಾರನನ್ನು ಕರಕೊಂಡು ಘೋಟಿಗೆ, ಅಕ್ಕನ ಮನೆಗೆ ಹೊರಟೆ. ಹಾಲು ಇನ್ನೊಮ್ಮೆ ಕಾಸಿ ಇಡ್ರಿ, ಇಲ್ಲದಿದ್ದರೆ ಕೆಡುತ್ತದೆ.

ಗೇಟು ತೆರೆದೇ ಇಟ್ಟಿದ್ದೇನೆ, ಹಾಕಬೇಡ್ರಿ. ಆ ಹುಡುಗನ ತಾಯಿ ಇನ್ನೂ ದಾರಿ ಕಾಯುತ್ತಿರಬಹುದು. ಹೋಗುವುದಾದರೆ ಹೋಗಲಿ. ನೀವು ಮಾತ್ರ ಅದರ ಮುಂದೆ ನಿಲ್ಲಬೇಡ್ರಿ.

ಅಲಕಾ