ಹುಲ್ಲಿನ ತುದಿ ಕಾಣುವಷ್ಟು

ಮದ್ದೂರು, ೧೯೪೧

ಅಪ್ಪಾ,

ನೀನು ತೀರಿಹೋಗಿ ವರ್ಷವಾಯಿತು. ಆದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು. ಮುಸಾಫಿರ್ ಬಂಗಲೆಯ ಮುಂದಿನ ಗರಿಕೆ ಹಾಸು ಚಿಗುರಿದೆ! ನಾನು ಸೀಮೆಗೊಬ್ಬರ ಎರಚಿ ಸುಟ್ಟಿದ್ದ ಜಾಗವೂ ಹಸಿರಾಗಿದೆ! ನೀನು ಹೇಳುತ್ತಿದ್ದಂತೆಯೇ ಮಾಡಿದೆ. ಹಳೇ ತಿಪ್ಪೆಗೊಬ್ಬರವನ್ನು ಅವ್ವನ ಒಂದರಿಯಲ್ಲಿ ಜರಡಿ ಹಿಡಿದು, ಹುಲ್ಲಿನ ತುದಿ ಕಾಣುವಷ್ಟೇ ತೆಳ್ಳಗೆ ಉದುರಿಸಿದೆ. "ಇಟ್ಟಿನ ಒಂದ್ರೀಗೆ ತಿಪ್ಪೆ ಸುರೀತಿಯಲ್ಲೋ!" ಎಂದು ಅವ್ವ ಬೈದಿದ್ದಳು. ಇವತ್ತು ಅವಳೇ ಬಂದು ಬರಿಗಾಲಲ್ಲಿ ನಡೆದು, "ಮೆತ್ಗೆ, ಅತ್ತಿ ಅರಳೆ ತುಳ್ದಂಗೈತೆ ಕಣ್ಲಾ" ಅಂದಳು.

ಅಮಲ್ದಾರರು ನಿಂತು ನೋಡಿ, "ಯಾರ ಕೆಲಸವಯ್ಯಾ ಇದು?" ಎಂದು ಕೇಳಿದರು.

"ನಮ್ಮಪ್ಪಂದು ಸೋಮಿ" ಅಂದೆ.

ಹುಲ್ಲು ಸುಟ್ಟ ದಿನ ಅವರು ಕೇಳಿದಾಗಲೂ ನಾನು ಅದನ್ನೇ ಅಂದಿದ್ದೆ. ನೀನು ಪಕ್ಕದಲ್ಲೇ ನಿಂತಿದ್ದೆ. ಅಲ್ಲ ಅನ್ನಲಿಲ್ಲ.